ಚರಿತ್ರೆಗೆ ಅರ್ಜಿ ಹಾಕುವುದು

(ಸಾಗರದಲ್ಲಿ ಸೇರಿದ್ದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮಲ್ಲೊಬ್ಬ ಎಂ.ಎ.ಗೆ ಸೇರಿದ ವರ್ಷ ರಜಕ್ಕೆ ಊರಿಗೆ ಹೋದ. ಅಡಿಕೆ ಸುಲಿಯುತ್ತ ಕೂತಿದ್ದ ಅಜ್ಜಿ ಕೇಳಿದಳು, 'ಎಂಥ ಓದ್ತೀಯ ಮಗ?' 'ಚರಿತ್ರೆ ಅಜ್ಜಿ.' 'ಅದೆಂಥದು?' 'ಹಿಂದೆ ನಡೆದದ್ದು.' ಅಜ್ಜಿ ಮೆಟ್ಟುಗತ್ತಿಯಿಂದ ಕೈ ತೆಗೀದೆ ಅಂದಳು: 'ಹಂಗಾರೆ ಒಡೇರ ಮನೆ ಸುದ್ದಿ ಅನ್ನು. ನಮ್ದೆಂಥ ನಡೆದದೆ, ಬರೀ ಕೆಲ್ಸ.'

ಈ ಮಾತನ್ನು ನಾವು ಬಹಳ ದಿನ ತಮಾಷೆಗೆ ಹೇಳಿಕೊಂಡು ನಗ್ತಿದ್ದೆವು. ಆಮೇಲೆ ನಗು ನಿಂತು ಹೋಯಿತು. ಯಾಕೆಂದರೆ ಮೂರು ವರ್ಷ ಬಿ.ಎ., ಎರಡು ವರ್ಷ ಎಂ.ಎ. ಓದಿದ ನಮಗೂ ಅಜ್ಜಿ ಹೇಳಿದ್ದಕ್ಕಿಂತ ಬೇರೆ ಏನೂ ಪುಸ್ತಕದಲ್ಲಿ ಸಿಕ್ಕಿರಲಿಲ್ಲ.

ಇವತ್ತು ಇಲ್ಲಿ ಮಾತಾಡಬೇಕಾಗಿರುವುದು ಚರಿತ್ರೆಯಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕುವುದರ ಬಗ್ಗೆ. ಕೆಲವರಿಗೆ ಇದು ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಅನ್ನಿಸಬಹುದು. ಎಫ್.ಡಿ.ಎ., ಎಸ್.ಡಿ.ಎ., ಪೊಲೀಸ್ ಪರೀಕ್ಷೆ ಬರಿಯೋದು ಬಿಟ್ಟು ಇದೆಂಥ ಅಂತ ಹಿಂದಿನ ಬೆಂಚಿನಿಂದ ಈಗಾಗಲೇ ಒಬ್ಬರು ಕೇಳಿದ್ದಾರೆ. ಬರೀರಿ, ಅದನ್ನೂ ಬರೀರಿ. ಮನೆಗೆ ಸಂಬಳ ಬೇಕು ಅನ್ನೋದು ನಮಗೂ ಗೊತ್ತು. ಆದರೆ ನೂರು ಜನರಲ್ಲಿ ಇಬ್ಬರಾದರೂ ಈ ಕಡೆ ಬರದಿದ್ದರೆ ನಮ್ಮ ಕೇರಿಯ ಸುದ್ದಿಯನ್ನು ಮುಂದೆಯೂ ಬೇರೆಯವರೇ ಬರೆಯುತ್ತಾರೆ. ಇಲ್ಲವೆ ಯಾರೂ ಬರೆಯುವುದಿಲ್ಲ.

ನಮ್ಮ ಮೂರು ತಾಲ್ಲೂಕಿಗೆ ಚರಿತ್ರೆ ಇಲ್ಲ ಅಂತ ಯಾರೂ ಹೇಳಲಾರರು. ಇದ್ದದ್ದು ಅತಿಯಾಯಿತು. ಕೆಳದಿ, ಇಕ್ಕೇರಿ, ಬಿದನೂರು, ಹುಂಚ. ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 8ನೇ ಸಂಪುಟ 1904ರಲ್ಲಿ ಬಂತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕಿನ ಶಾಸನಗಳೆಲ್ಲ ಅದರಲ್ಲಿವೆ. ಈಗಿನ ಹೊಸನಗರ ಆಗ ನಗರ ತಾಲ್ಲೂಕು. ಆ ದಪ್ಪ ಪುಸ್ತಕವನ್ನು ನಾವು ಲೈಬ್ರರಿಯಲ್ಲಿ ಕೂತು ತಿರುವಿ ಹಾಕಿದೆವು. ದಾನ ಕೊಟ್ಟವನ ಹೆಸರು ಉಂಟು, ಪಡೆದವನ ಹೆಸರು ಉಂಟು, ಅವನ ಗೋತ್ರ ಸೂತ್ರ ಉಂಟು, ಗದ್ದೆಗೆ ಎಷ್ಟು ಬೀಜ ಹಿಡಿಯುತ್ತದೆ ಅಂತಲೂ ಉಂಟು. ಆ ಗದ್ದೆಗೆ ಇಳಿದು ಕೆಸರು ತುಳಿದವನ ಹೆಸರನ್ನು ಹುಡುಕುತ್ತ ಹುಡುಕುತ್ತ ಸಂಜೆಯಾಯಿತು, ಲೈಬ್ರರಿಯವರು ದೀಪ ಆರಿಸಿದರು.

1763ರಲ್ಲಿ ಹೈದರಾಲಿ ಬಿದನೂರು ಹಿಡಿದ. 1830-31ರಲ್ಲಿ ನಗರದ ರೈತರು ದಂಗೆ ಎದ್ದರು. ಅದೇ ನೆಪ ಹಿಡಿದು 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡು 1881ರ ತನಕ ಕೂತರು. ಇದು ಪರೀಕ್ಷೆಯಲ್ಲಿ ಬರುತ್ತದೆ, ಐದು ಅಂಕದ ಪ್ರಶ್ನೆ. ಆ ದಂಗೆಯಲ್ಲಿ ನಮ್ಮವರು ಎಲ್ಲಿದ್ದರು? ಒಡೆಯರ ಹಿಂದೆ ದೊಣ್ಣೆ ಹಿಡಿದು ಹೋದರೋ, ಕಾಡು ಸೇರಿದರೋ, ಯಾರು ಗೆದ್ದರೂ ನಮಗೆ ಅದೇ ಅಂಬಲಿ ಅಂತ ಸುಮ್ಮನೆ ಕೂತರೋ? ಐದು ಅಂಕದ ಉತ್ತರದಲ್ಲಿ ಇದು ಬರುವುದಿಲ್ಲ.

ಇದೇ ಸಾಗರ ತಾಲ್ಲೂಕಿನ ಕಾಗೋಡು. 1951. ಕೊಳಗದ ಅಳತೆಯಿಂದ ಶುರುವಾದ ಜಗಳ ದೇಶದ ಸುದ್ದಿಯಾಯಿತು, ಲೋಹಿಯಾ ಬಂದು ಬಂಧನವಾದರು. ದೀವರ ಗೇಣಿದಾರರು ಎದ್ದು ನಿಂತ ಆ ಹೋರಾಟಕ್ಕೆ ನಾವು ತಲೆಬಾಗುತ್ತೇವೆ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ತಿದ್ದುಪಡಿ ಬಂತು, ಉಳುವವನೇ ಹೊಲದೊಡೆಯ ಅಂದರು. ಇಲ್ಲೇ ಸ್ವಲ್ಪ ನಿಂತು ನೋಡಬೇಕು. ಕಾಯಿದೆಯ ಕಣ್ಣಿಗೆ ಉಳುವವನು ಅಂದರೆ ಗೇಣಿ ಕೊಡುವವನು. ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ಹಾಕಬೇಕಾದರೆ ನೀನು ಗೇಣಿದಾರ ಆಗಿರಬೇಕು. ತಲೆಮಾರಿನಿಂದ ಅದೇ ಗದ್ದೆಯಲ್ಲಿ ದುಡಿದು ಗೇಣಿಯೇ ಇಲ್ಲದ ಆಳು, ಜೀತಕ್ಕಿದ್ದ ಆಳು ಯಾವ ಫಾರಂ ತುಂಬಬೇಕಿತ್ತು? 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ಹಿನ್ನೀರು ಏರಿದಾಗ ಪರಿಹಾರದ ಪಟ್ಟಿ ಆಯಿತು. ಪಟ್ಟೆ ಇದ್ದವರ ಹೆಸರು ಪಟ್ಟಿಯಲ್ಲಿ ಬಂತು. ಪಟ್ಟೆಯೇ ಇಲ್ಲದೆ ಒಡೆಯನ ಜಾಗದಲ್ಲಿ ಗುಡಿಸಲು ಹಾಕಿಕೊಂಡವರು ಎಲ್ಲಿಗೆ ಹೋದರು?

ನೋಡಿ, ಒಂದೊಂದೂ ಒಂದೊಂದು ಪಿಎಚ್.ಡಿ. ನಮ್ಮೂರಿನಲ್ಲೇ ಬಿದ್ದಿದೆ.

ತೀರ್ಥಹಳ್ಳಿ ಕಡೆಯವರಿಗೆ ಇನ್ನೊಂದು ಮಾತು. ಕುವೆಂಪು 1967ರಲ್ಲಿ ಪ್ರಕಟಿಸಿದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ನಾಯಿಗುತ್ತಿ ಇದ್ದಾನೆ, ತಿಮ್ಮಿ ಇದ್ದಾಳೆ. ಗುತ್ತಿಯ ನಾಯಿಗೂ ಒಂದು ಹೆಸರಿದೆ. ಕಾದಂಬರಿಗೆ ಸಾಧ್ಯವಾದದ್ದು ಚರಿತ್ರೆಯ ಪುಸ್ತಕಕ್ಕೆ ಯಾಕೆ ಆಗಲಿಲ್ಲ ಅಂತ ನಾವು ಕೇಳುತ್ತೇವೆ. ಕವಿತೆ ಬರೆಯುವ ನಾವೇ ಇದನ್ನು ಕೇಳುತ್ತಿರೋದು ನಿಮಗೆ ತಮಾಷೆ ಅನ್ನಿಸಬಹುದು. ಸಿಟ್ಟು ಬಂದಾಗ ಕವಿತೆ ಬರೀತೇವೆ. ಆದರೆ ನ್ಯಾಯಮಂಡಳಿಯ ಕಡತದ ನಂಬರನ್ನು ಕವಿತೆಯಲ್ಲಿ ಬರೆಯಲಿಕ್ಕೆ ಆಗುವುದಿಲ್ಲ.

ಈಗ ನಮ್ಮ ಸೋಲಿನ ಕತೆ. ನಾವು ನಾಲ್ವರು ಅರ್ಜಿ ಹಾಕಿದೆವು. ಊರು, ವಿಶ್ವವಿದ್ಯಾಲಯ ಯಾವುದು ಅಂತ ಬೇಡ. ಒಬ್ಬನನ್ನು ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಐದು ಜನ. 'ಎಲ್ಲಿಂದ?' 'ತೀರ್ಥಹಳ್ಳಿ ಸಾರ್.' 'ಓ, ಕುವೆಂಪು ಊರು! ಯಾರ ಮನೆ?' ಯಾರ ಮನೆ ಅಂದರೆ ನಮ್ಮ ಕಡೆ ಏನು ಕೇಳಿದ ಹಾಗೆ ಅಂತ ಇಲ್ಲಿ ಕೂತಿರುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅವನು ಹೇಳಿದ. ಒಂದು ಗಳಿಗೆ ಎಲ್ಲರೂ ಕಾಗದ ನೋಡಿದರು. ಆಮೇಲೆ ಒಬ್ಬರು ಇಂಗ್ಲಿಷಿನಲ್ಲಿ ಕೇಳಿದರು: ನಿಮ್ಮ ಜನ ಏನೂ ಬರೆದಿಟ್ಟಿಲ್ಲವಲ್ಲ, ಆಕರ ಎಲ್ಲಿಂದ ತರುತ್ತೀರಿ? ಅವನ ಬಾಯಿ ಕಟ್ಟಿತು. ನಾಲ್ಕು ನಿಮಿಷಕ್ಕೆ ಆಚೆ ಬಂದ. ಆ ರಾತ್ರಿ ಬಸ್‍ಸ್ಟ್ಯಾಂಡಿನಲ್ಲಿ ನಾವು ನಾಲ್ವರೂ ಸೇರಿ ಅವರನ್ನು ಬೈದೆವು. ಬೈದು ಮುಗಿದ ಮೇಲೆ ಗೊತ್ತಾಯಿತು, ಕೇಳಿದ ದನಿ ಕೆಟ್ಟದಿತ್ತು, ಪ್ರಶ್ನೆ ಕೆಟ್ಟದಲ್ಲ. ಉತ್ತರ ನಮ್ಮ ಹತ್ತಿರ ಇರಲಿಲ್ಲ.

ಈಗ ಇದೆ. ನಾವು ಬರೆದಿಟ್ಟಿಲ್ಲ ನಿಜ, ಆದರೆ ನಮ್ಮ ಮೇಲೆ ಬರೆದಿಟ್ಟಿದ್ದಾರೆ. ಸರ್ಕಾರ ನಮ್ಮನ್ನು ಮುಟ್ಟದೇ ಇದ್ದರೂ ನಮ್ಮ ಹೆಸರನ್ನು ಮುಟ್ಟಿದೆ. 1974ರ ನಂತರದ ನ್ಯಾಯಮಂಡಳಿ ಕಡತಗಳಿವೆ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಬಂದ ಮೇಲೆ ಜೀತದಾಳುಗಳನ್ನು ಗುರುತಿಸಿ ಬಿಡುಗಡೆ ಮಾಡಿದ ಕಾಗದಗಳಿವೆ. 1978ರ ಪಿ.ಟಿ.ಸಿ.ಎಲ್. ಕಾಯಿದೆ ನಮಗೆಲ್ಲ ಗೊತ್ತು: ನಮ್ಮವರಿಗೆ ಮಂಜೂರಾದ ಜಮೀನನ್ನು ಕೊಂಡವರಿಂದ ವಾಪಸು ಕೊಡಿಸುವುದು. ಆ ಕೇಸು ನಡೆಯುವುದು ಎ.ಸಿ. ಮುಂದೆ. ಸಾಗರ, ಹೊಸನಗರಕ್ಕೆ ಎ.ಸಿ. ಆಫೀಸು ಇರುವುದು ಇದೇ ಸಾಗರದಲ್ಲಿ, ತೀರ್ಥಹಳ್ಳಿಗೆ ಶಿವಮೊಗ್ಗದಲ್ಲಿ. ಒಂದೊಂದು ಕಡತದಲ್ಲೂ ಒಬ್ಬ ಅಜ್ಜನ ಹೇಳಿಕೆ, ಕೆಳಗೆ ಹೆಬ್ಬೆಟ್ಟು. ಆ ಹೆಬ್ಬೆಟ್ಟು ಆಕರ ಅಲ್ಲವೆ? ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇದೆ. ಕೆಳದಿಯ ಮ್ಯೂಸಿಯಂನಲ್ಲಿ ಓಲೆಗರಿ, ಹಳೇ ಕಾಗದ ಇವೆ. ಅವುಗಳನ್ನು ನಮ್ಮ ಕಣ್ಣಿಂದ ಇನ್ನೊಮ್ಮೆ ಓದಬೇಕು. ಇಷ್ಟರ ಮೇಲೆ ಅಜ್ಜಿಯರ ಬಾಯಿ ಇದೆ. ಅದನ್ನು ಬೇಗ ಮಾಡಬೇಕು, ಕಡತ ಕಾಯುತ್ತದೆ, ಅಜ್ಜಿ ಕಾಯುವುದಿಲ್ಲ. 1986ರ ಮಾರ್ಚಿನಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ನಮ್ಮ ಕಾರ್ಯಕರ್ತರಿಗೆ ಏನಾಯಿತು ಅಂತ ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಷ್ಟು ಜನ ಅವರ ಮುಂದೆ ಕೂತು ಬರೆದುಕೊಂಡಿದ್ದೇವೆ?

ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಮೂಲದ ಮೇಲೆ ಪುಸ್ತಕ ಬರೆದಾಗ ಅವರ ಮುಂದೂ ಇದೇ ತೊಡಕು ಇತ್ತು. ನೇರ ದಾಖಲೆ ಇಲ್ಲ. ಅದಕ್ಕೆ ಅವರು ಮುನ್ನುಡಿಯಲ್ಲಿ ಸರಪಣಿಯ ಕೊಂಡಿ ತಪ್ಪಿದ ಕಡೆ ಚರಿತ್ರಕಾರ ಏನು ಮಾಡಬೇಕು ಅಂತ ವಾದ ಹೂಡುತ್ತಾರೆ. ಕೈಕಟ್ಟಿ ಕೂರಬೇಕಾಗಿಲ್ಲ, ಸಿಕ್ಕಿದ್ದರ ಬಲದ ಮೇಲೆ ಊಹೆಯ ಸೇತುವೆ ಕಟ್ಟಬಹುದು ಅನ್ನೋದು ಅವರ ನಿಲುವು. ಅರ್ಜಿ ಬರೆಯುವ ಮುಂಚೆ ಆ ಮುನ್ನುಡಿ ಓದಿಕೊಳ್ಳಿ. ಸಂದರ್ಶನದಲ್ಲಿ ಬಾಯಿ ಕಟ್ಟುವುದಿಲ್ಲ.

ಇನ್ನು ಸಂಶೋಧನಾ ಪ್ರಸ್ತಾವನೆ. ನಾವು ಮೊದಲು ಬರೆದದ್ದರ ತಲೆಬರಹ 'ಮಲೆನಾಡಿನ ದಲಿತರ ಸ್ಥಿತಿಗತಿಗಳು: ಒಂದು ಅಧ್ಯಯನ'. ಮೊದಲ ಪುಟ ಪೂರ್ತಿ ಮನುಸ್ಮೃತಿ, ಎರಡನೇ ಪುಟ ಬುದ್ಧ, ಬಸವಣ್ಣ, ಫುಲೆ, ಮೂರನೇ ಪುಟದಲ್ಲಿ ಸಂವಿಧಾನ. ಭಾಷಣಕ್ಕೆ ಚೆನ್ನಾಗಿತ್ತು. ಅದರಲ್ಲಿ ಪ್ರಶ್ನೆಯೇ ಇರಲಿಲ್ಲ. ಆಮೇಲೆ ಒಬ್ಬ ಒಳ್ಳೆಯ ಮೇಷ್ಟ್ರು ಸಿಕ್ಕಿ ಇಡೀ ಮಲೆನಾಡನ್ನು ಒಂದು ತಾಲ್ಲೂಕಿಗೆ ಇಳಿಸಿಸಿದರು, ಸಾವಿರ ವರ್ಷವನ್ನು ಇಪ್ಪತ್ತು ವರ್ಷಕ್ಕೆ ಇಳಿಸಿಸಿದರು. ಏನು ಕೇಳುತ್ತಿ? ಯಾವ ಊರು, ಯಾವ ವರ್ಷದಿಂದ ಯಾವ ವರ್ಷ? ಕಾಗದ ಎಲ್ಲಿದೆ, ಹೋಗಿ ನೋಡಿದ್ದೀಯಾ? ಇದರ ಬಗ್ಗೆ ಈಗಾಗಲೇ ಬರೆದವರು ಏನು ಹೇಳಿದ್ದಾರೆ, ನೀನು ಎಲ್ಲಿ ಒಪ್ಪುವುದಿಲ್ಲ? ಇಷ್ಟಕ್ಕೆ ಸರಿಯಾಗಿ ಉತ್ತರ ಬರೆದರೆ ಐದಾರು ಪುಟ ಆಗುತ್ತದೆ. ಅದೇ ಪ್ರಸ್ತಾವನೆ. 'ನೋಡಿದ್ದೀಯಾ' ಅನ್ನೋ ಪ್ರಶ್ನೆಗೆ ಹೌದು ಅನ್ನುವವನ ಅರ್ಜಿಗೂ ಇಲ್ಲ ಅನ್ನುವವನ ಅರ್ಜಿಗೂ ಓದುವವರಿಗೆ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕೇ ರಜದಲ್ಲಿ ಒಂದು ವಾರ ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿಗೆ ಅಲೆಯಿರಿ. ಒಳಗೆ ಬಿಡದಿದ್ದರೆ ಅರ್ಜಿ ಕೊಟ್ಟು ಕೇಳಿ.

ಪರೀಕ್ಷೆಯ ವಿಷಯ. ಎಂ.ಎ.ಯಲ್ಲಿ ಸಾಮಾನ್ಯ ವರ್ಗದವರಿಗೆ 55 ಪರ್ಸೆಂಟು ಬೇಕು, ನಮಗೆ 50. ಯು.ಜಿ.ಸಿ. ನೆಟ್ ವರ್ಷಕ್ಕೆ ಎರಡು ಸಲ ಕರೆಯುತ್ತಾರೆ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು ಚರಿತ್ರೆ, 100 ಪ್ರಶ್ನೆ, 200 ಅಂಕ. ಒಟ್ಟು ಮೂರು ಗಂಟೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಬಿಡಬೇಡಿ. 2024ರಿಂದ ಈ ನೆಟ್ ಅಂಕವನ್ನೇ ಪಿಎಚ್.ಡಿ. ಪ್ರವೇಶಕ್ಕೂ ಹಿಡಿಯುವ ಏರ್ಪಾಡು ಬಂತು. ಜೆ.ಆರ್.ಎಫ್. ಸಿಕ್ಕದವರಿಗೆ ನೆಟ್‍ಗೆ 70, ಸಂದರ್ಶನಕ್ಕೆ 30, ಮತ್ತು ಆ ಅಂಕ ಒಂದೇ ವರ್ಷ ನಡೆಯುತ್ತದೆ. ಜೆ.ಆರ್.ಎಫ್. ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ. 2023ರ ಜನವರಿಯಿಂದ ಈ ದರ. ಅದಕ್ಕೆ 30 ವಯಸ್ಸಿನ ಮಿತಿ, ನಮಗೆ ಇನ್ನೂ ಐದು ವರ್ಷ ಸೇರುತ್ತದೆ. ಪರಿಶಿಷ್ಟ ಜಾತಿಯ ರಾಷ್ಟ್ರೀಯ ಫೆಲೋಶಿಪ್ ಬೇರೆ ಇದೆ. 2005-06ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಶುರುವಾದದ್ದು ಅದೇ. ನೆಟ್ ಅರ್ಜಿ ತುಂಬುವಾಗ ಅದರ ಕಾಲಂ ಕಂಡರೆ ಬಿಡಬೇಡಿ. ನಮ್ಮಲ್ಲೊಬ್ಬ ಸೈಬರ್ ಸೆಂಟರಿನ ಹುಡುಗನ ಕೈಗೆ ಎಲ್ಲವನ್ನೂ ಕೊಟ್ಟು ಚಾ ಕುಡಿಯಲು ಹೋದ, ಬರುವುದರೊಳಗೆ ಕಾಲಂ ಖಾಲಿ ಬಿಟ್ಟು ಸಬ್‍ಮಿಟ್ ಆಗಿತ್ತು.

ಆದರೆ ಗೆಳೆಯರೆ, ಆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕಾನ್ಪುರದ ಹುಡುಗ ತನ್ನ ಭಾಷೆಯಲ್ಲಿ ಚರಿತ್ರೆ ಪರೀಕ್ಷೆ ಬರೆಯಬಹುದು, ಹೊಸನಗರದವನು ಬರೆಯುವ ಹಾಗಿಲ್ಲ. ಇದು ಯಾವ ನ್ಯಾಯ? ಕೇಳಬೇಕು, ಕೇಳುತ್ತಲೇ ಇರಬೇಕು. ಕೇಳುತ್ತಲೇ ಇಂಗ್ಲಿಷಿನ ಪುಸ್ತಕವನ್ನೂ ಓದಬೇಕು. ದಿನಕ್ಕೆ ಎರಡು ಪುಟ, ಪಕ್ಕದಲ್ಲಿ ಡಿಕ್ಷನರಿ, ಜೊತೆಗೆ ಇನ್ನೊಬ್ಬ. ಒಬ್ಬನೇ ಕೂತರೆ ಮೂರನೇ ದಿನ ಬಿಡುತ್ತಾನೆ. ರಾಜ್ಯದ ಕೆ-ಸೆಟ್ ಕನ್ನಡದಲ್ಲೂ ಇರುತ್ತದೆ, ಅದನ್ನೂ ಬರೆಯಿರಿ, ಇಲ್ಲಿನ ಕಾಲೇಜು ಅಧ್ಯಾಪಕ ಹುದ್ದೆಗೆ ನಡೆಯುತ್ತದೆ. ಪ್ರಬಂಧವನ್ನು ಕನ್ನಡದಲ್ಲೇ ಬರೆಯಬೇಕು ಅನ್ನುವವರಿಗೆ 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ. ಅದು ಕಡಿಮೆ ಅಂತ ಯಾರಾದರೂ ಮೂಗು ಮುರಿದರೆ, ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದ್ದು ಯಾವ ಭಾಷೆಯಲ್ಲಿ ಅಂತ ಕೇಳಿ. ಹತ್ತಿರದಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇದೆ. ಒಂದೇ ಕಡೆ ಹಾಕಬೇಡಿ. ನಾಲ್ಕೈದು ಕಡೆ ಹಾಕಿ.

2024ರ ಜೂನ್ 18ರ ನೆಟ್ ಪರೀಕ್ಷೆ ಬರೆದು ಬಂದವರು ನಮ್ಮಲ್ಲಿದ್ದಾರೆ. ಮಾರನೆಯ ದಿನವೇ ಪರೀಕ್ಷೆ ರದ್ದು ಅಂದರು. ಕೂಲಿ ಬಿಟ್ಟು, ಸಾಲ ಮಾಡಿ ಬಸ್ಸು ಹತ್ತಿದವರ ದುಡ್ಡು ಯಾರು ಕೊಟ್ಟರು? ಆಗಸ್ಟ್-ಸೆಪ್ಟೆಂಬರಿನಲ್ಲಿ ಮತ್ತೆ ನಡೆಸಿದಾಗ ಇಬ್ಬರು ಹೋಗಲೇ ಇಲ್ಲ.

ಸೀಟು ಎಷ್ಟಿರುತ್ತದೆ ಅಂತ ಲೆಕ್ಕ ತಿಳಿದಿರಲಿ. 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಕೈಕೆಳಗೆ ಒಮ್ಮೆಗೆ ಎಂಟು ಜನ, ಅಸೋಸಿಯೇಟ್‍ಗೆ ಆರು, ಅಸಿಸ್ಟೆಂಟ್‍ಗೆ ನಾಲ್ಕು. ಹಳಬರು ಮುಗಿಸಿ ಹೋದಷ್ಟೇ ಜಾಗ ಖಾಲಿ. ಕೇಂದ್ರದ ವಿಶ್ವವಿದ್ಯಾಲಯದಲ್ಲಿ ಅದರ 15 ಪರ್ಸೆಂಟು ಪರಿಶಿಷ್ಟ ಜಾತಿಗೆ, 7.5 ಪಂಗಡಕ್ಕೆ. ಹತ್ತು ಸೀಟಿದ್ದರೆ ನಮಗೆ ಒಂದು, ಹೆಚ್ಚೆಂದರೆ ಎರಡು. ಆ ಒಂದಕ್ಕೂ ಕೆಲವು ಸಲ 'ಯೋಗ್ಯ ಅಭ್ಯರ್ಥಿ ಸಿಗಲಿಲ್ಲ' ಅಂತ ಬರೆದು ಬಾಗಿಲು ಹಾಕುತ್ತಾರೆ. ಸಂದರ್ಶನ ಅನ್ನೋದು ನಾವು ಬಿದ್ದುಹೋಗುವ ಹಳ್ಳ. 2016ರಲ್ಲಿ ಯು.ಜಿ.ಸಿ. ಲಿಖಿತ ಪರೀಕ್ಷೆಯನ್ನು ಬರೀ ದಾಟುವ ಹೊಸ್ತಿಲು ಮಾಡಿ, ಆಯ್ಕೆ ಪೂರ್ತಿ ಸಂದರ್ಶನದ ಮೇಲೆ ಅಂದಿತು. ಜೆ.ಎನ್.ಯು. ವಿದ್ಯಾರ್ಥಿಗಳು ಬೀದಿಗಿಳಿದರು. 2018ರಲ್ಲಿ ಅದು 70-30ಕ್ಕೆ ಬಂತು. ಈ 70 ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಸೇಲಂನ ಮುತ್ತುಕೃಷ್ಣನ್ ಹಲವು ಸಲ ಪರೀಕ್ಷೆ ಬರೆದು ಕಡೆಗೆ ಜೆ.ಎನ್.ಯು.ನ ಚರಿತ್ರೆ ವಿಭಾಗ ಸೇರಿದವನು. ಅದೇ ನಿಯಮದ ವಿರುದ್ಧ ಬರೆದವನು. 2017ರ ಮಾರ್ಚ್ 13ರಂದು ದೆಹಲಿಯಲ್ಲಿ ತೀರಿಕೊಂಡ. ಅದಕ್ಕೂ ಒಂದು ವರ್ಷ ಹಿಂದೆ, 2016ರ ಜನವರಿ 17ರಂದು, ಹಾಸ್ಟೆಲಿನಿಂದ ಹೊರಹಾಕಿಸಿಕೊಂಡಿದ್ದ ರೋಹಿತ್ ವೇಮುಲ ಹೈದರಾಬಾದಿನಲ್ಲಿ. ಅಷ್ಟು ದೂರದ ಊರಿನಲ್ಲಿ ರೂಮಿನ ಬಾಗಿಲು ಹಾಕಿಕೊಂಡು ಒಬ್ಬರೇ ಕೂರಬೇಡಿ. ಸೇರಿದ ಮೊದಲ ದಿನವೇ ನಮ್ಮವರು ಯಾರಿದ್ದಾರೆ ಹುಡುಕಿ. ಊರಿಗೆ ಫೋನ್ ಮಾಡಿ, ನಮಗೆ ಮಾಡಿ, ರಾತ್ರಿ ಎರಡು ಗಂಟೆಗಾದರೂ ಮಾಡಿ. ಇದನ್ನು ನಾವು ಸುಮ್ಮನೆ ಮಾತಿಗೆ ಹೇಳುತ್ತಿಲ್ಲ.

ಹೊರದೇಶದ ಆಸೆ ಇರುವವರೂ ಇದ್ದಾರೆ, ಇರಲಿ. ಬಾಬಾಸಾಹೇಬರು 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದರು. ಲಂಡನ್ನಿನಲ್ಲಿ ಅವರ ಪ್ರಬಂಧವನ್ನೂ ಪರೀಕ್ಷಕರು ತಿದ್ದಿ ತಾ ಅಂತ ವಾಪಸು ಕಳಿಸಿದ್ದರು. ತಿದ್ದಿ ಕೊಟ್ಟು 1923ರಲ್ಲಿ ಡಿ.ಎಸ್‍ಸಿ. ಪಡೆದರು. ನಿಮ್ಮ ಪ್ರಸ್ತಾವನೆ ಕೆಂಪು ಶಾಯಿ ತುಂಬಿಕೊಂಡು ವಾಪಸು ಬಂದರೆ ಇದು ನೆನಪಿರಲಿ. ಪುಣೆಯ ಯರವಾಡದ ಕೊಳೆಗೇರಿಯಲ್ಲಿ ಬೆಳೆದ ಶೈಲಜಾ ಪೈಕ್ 2007ರಲ್ಲಿ ಇಂಗ್ಲೆಂಡಿನ ವಾರ್ವಿಕ್‍ನಲ್ಲಿ ಪಿಎಚ್.ಡಿ. ಮುಗಿಸಿ, ಅಮೆರಿಕದ ಸಿನ್ಸಿನಾಟಿಯಲ್ಲಿ ಚರಿತ್ರೆಯ ಪ್ರೊಫೆಸರ್ ಆದರು. ಬರೆದದ್ದು ದಲಿತ ಹೆಂಗಸರ ಚರಿತ್ರೆ. 2024ರಲ್ಲಿ ಅವರಿಗೆ ಮ್ಯಾಕ್‍ಆರ್ಥರ್ ಫೆಲೋಶಿಪ್ ಬಂತು. ತಂಗಿಯರೆ, ಈ ಹೆಸರು ನಿಮಗೆ.

ಆದರೆ ನಮ್ಮ ಸರ್ಕಾರ ಮಾಡಿದ್ದನ್ನೂ ಕೇಳಿ. ನಮ್ಮವರನ್ನು ಹೊರದೇಶಕ್ಕೆ ಓದಲು ಕಳಿಸುವ ರಾಷ್ಟ್ರೀಯ ವಿದ್ಯಾರ್ಥಿವೇತನ 1954-55ರಿಂದ ಇದೆ. 2022ರಲ್ಲಿ ಅದರ ನಿಯಮ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಸಮಾಜದ ಮೇಲೆ ಸಂಶೋಧನೆ ಮಾಡುವವರಿಗೆ ಇಲ್ಲ ಅಂದರು. ಎಂಜಿನಿಯರಿಂಗ್ ಓದು, ಕೊಡುತ್ತೇವೆ. ನಿನ್ನ ಅಜ್ಜನ ಬಗ್ಗೆ ಓದಿದರೆ ಕೊಡುವುದಿಲ್ಲ! ಚರಿತ್ರೆ ಕೆಲಸಕ್ಕೆ ಬಾರದ ಓದು ಅನ್ನುವವರಿಗೆ ನಾವು ಇದನ್ನೇ ತೋರಿಸುತ್ತೇವೆ. ಕೆಲಸಕ್ಕೆ ಬಾರದ್ದಾದರೆ ಇಷ್ಟು ಹೆದರಿ ಬಾಗಿಲು ಹಾಕುವುದು ಯಾಕೆ? ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ತಾವೇ ಐದು ವರ್ಷ ಫೀಸು ಮನ್ನಾ ಮಾಡಿ ಖರ್ಚಿಗೂ ಕೊಡುತ್ತವೆ. ಅರ್ಜಿ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಮೂವರು ಅಧ್ಯಾಪಕರ ಪತ್ರ, ನೀವು ಬರೆದ ಒಂದು ಲೇಖನ, ಯಾಕೆ ಓದಬೇಕು ಅನ್ನೋ ಎರಡು ಪುಟ ಬೇಕು. ಅರ್ಜಿ ಶುಲ್ಕ ಕಟ್ಟಲಾಗದವರು ಬರೆದು ಕೇಳಿದರೆ ಎಷ್ಟೋ ಕಡೆ ಬಿಡುತ್ತಾರೆ. ಮೇಷ್ಟ್ರ ಪತ್ರವನ್ನು ಕೊನೆಯ ವಾರ ಕೇಳಬೇಡಿ, ಎರಡು ತಿಂಗಳು ಮುಂಚೆ ಕೇಳಿ, ಜೊತೆಗೆ ನೀವು ಬರೆದದ್ದನ್ನು ಅವರ ಕೈಗೆ ಕೊಡಿ.

ಕಡೆಯದಾಗಿ ಕಾಗದಪತ್ರ. ಜಾತಿ ಪ್ರಮಾಣಪತ್ರದಲ್ಲಿ ಒಂದು ಹೆಸರು, ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಇವತ್ತೇ ಸರಿಮಾಡಿಸಲು ಹೊರಡಿ. ಶಾಲೆಗೆ ಸೇರಿಸುವಾಗ ನಮ್ಮಪ್ಪಂದಿರು ಹೇಳಿದ್ದೊಂದು, ಮೇಷ್ಟ್ರು ಬರೆದುಕೊಂಡಿದ್ದೊಂದು. ಅದರ ಫಲ ಈಗ ಉಣ್ಣುತ್ತಿದ್ದೇವೆ. ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಜಾತಿ ಪತ್ರ ಕೇಳುತ್ತಾರೆ, ತಹಶೀಲ್ದಾರರ ಆಫೀಸಿನಲ್ಲಿ ಅದನ್ನೂ ಮಾಡಿಸಿಟ್ಟುಕೊಳ್ಳಿ. ಆರ್.ಡಿ. ನಂಬರು ಬರೆದಿಟ್ಟುಕೊಳ್ಳಿ.

ಮುಂದಿನ ಸಭೆಗೆ ಬರುವವರು ತಮ್ಮ ಪ್ರಸ್ತಾವನೆ ಎರಡು ಪುಟದಷ್ಟು ಬರೆದು ತನ್ನಿ. ಕನ್ನಡದಲ್ಲಿ ಸಾಕು. ಒಬ್ಬರದನ್ನು ಇನ್ನೊಬ್ಬರು ಓದಿ ತಿದ್ದೋಣ. ಬರೆಯಲು ಏನೂ ಹೊಳೆಯದವರು ಮನೆಯಲ್ಲಿ ಅಜ್ಜಿಯನ್ನೋ ಅಜ್ಜನನ್ನೋ ಕೂರಿಸಿಕೊಂಡು, ಅವರು ಯಾರ ಗದ್ದೆಯಲ್ಲಿ ಎಷ್ಟು ವರ್ಷ ದುಡಿದರು, ಕೂಲಿ ಎಷ್ಟು ಕೊಳಗ, ಯಾವ ಅಳತೆಯ ಕೊಳಗ ಅಂತ ಕೇಳಿ ಬರೆದುಕೊಂಡು ಬನ್ನಿ.

ಜೈ ಭೀಮ್.